ಮೂತ್ರಕೋಶದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಉರಿಮೂತ್ರ ಮರುಕಳಿಸಿದರೆ

ಮೂತ್ರಕೋಶಕ್ಕೆ ವಾರಕ್ಕೊಂದರಂತೆ 6 ವಾರ ಬಿಸಿಜಿ (ಕ್ಯಾನ್ಸರ್ ಮರಳದಂತೆ ನಳಿಕೆಯಿಂದ ಒಳಗೆ ಬಿಡುವ ಔಷಧಿ) ಹಾಕಿಸಿಕೊಳ್ಳುವವರಲ್ಲಿ ಉರಿ ಕಾಣದವರು ಕಡಿಮೆ. ಔಷಧಿ ಹಾಕಿದ ರಾತ್ರಿ ಮೇಲಿಂದ ಮೇಲೆ ಒಂದಕ್ಕೆ ಏಳುವುದು, ಹನಿಹನಿಯಾಗಿ ಉರಿಯುವುದು, ಮೈ ಸ್ವಲ್ಪ ಬೆಚ್ಚಗಾಗುವುದು ಔಷಧಿಯದೇ ಪರಿಣಾಮ. ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುತ್ತದೆ. ಮೂರನೇ ದಿನವೂ ಇಳಿಯದೆ ಮೂತ್ರ ಕದಡಿದಂತಾಗಿ ಉರಿ ಏರುತ್ತಿದ್ದರೆ ಸೋಂಕಿರಬಹುದು.

ಇಲ್ಲಿ ಬಹಳ ಜನ ಎಡವುವುದು ಮೆಡಿಕಲ್ ಶಾಪಿನಲ್ಲಿ. ಹಳೇ ಚೀಟಿ ತೋರಿಸಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಗುಳಿಗೆ ತಂದು ನುಂಗುತ್ತಾರೆ. ಬಿಸಿಜಿ ಎಂದರೆ ಜೀವಂತ ಬ್ಯಾಕ್ಟೀರಿಯಾ. ಸಿಪ್ರೊ, ಲಿವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಅದನ್ನೂ ಹೊಡೆಯುತ್ತವೆ, ಹಾಕಿಸಿದ ಡೋಸಿನ ಬಲ ಕುಂದಬಹುದು. ವೈದ್ಯರೇ ಲೆಕ್ಕ ಹಾಕಿ ಕೊಟ್ಟರೆ ಅದು ಬೇರೆ ಮಾತು.

ಮೊದಲು ಕಲ್ಚರ್ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆಂದು ನೋಡುವ ಲ್ಯಾಬ್ ಪರೀಕ್ಷೆ), ಆಮೇಲೆ ಗುಳಿಗೆ. ಯೂರಿನ್ ರೂಟೀನ್ ವರದಿಯ 'ಪಸ್ ಸೆಲ್ಸ್' (ಕೀವಿನ ಕಣ) ನೋಡಿ ಗಾಬರಿಯಾಗಬೇಡಿ. ಆಪರೇಷನ್, ಬಿಸಿಜಿ ಆದ ಮೇಲೆ ಸೋಂಕಿಲ್ಲದೆಯೂ ಅವು ಹೆಚ್ಚಿರುತ್ತವೆ. ಸ್ಯಾಂಪಲ್ ಕೊಡುವಾಗ ಬರೀ ನೀರಿನಿಂದ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ಮುಚ್ಚಳದ ಒಳಮೈ ಮುಟ್ಟಬೇಡಿ. ಗದಗಿನಲ್ಲೋ ಹಾವೇರಿಯಲ್ಲೋ ಮನೆಯಲ್ಲೇ ಹಿಡಿದು, ಚೀಲದಲ್ಲಿಟ್ಟು, ಬಿಸಿಲಲ್ಲಿ ಬಸ್ಸು ಹತ್ತಿ ಹುಬ್ಬಳ್ಳಿಗೆ ತರುವುದು ವ್ಯರ್ಥ: ಬೆಚ್ಚಗಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ದಾರಿಯಲ್ಲೇ ಮರಿ ಹಾಕುತ್ತವೆ, ವರದಿ ಸುಳ್ಳಾಗುತ್ತದೆ. ಲ್ಯಾಬಿಗೆ ಹೋಗಿಯೇ ಕೊಡಿ; ಆಗದಿದ್ದರೆ ಎರಡು ತಾಸಿನೊಳಗೆ ಮುಟ್ಟಿಸಿ. ವರದಿಗೆ 2–3 ದಿನ ಬೇಕು. 'ಮಿಕ್ಸ್‌ಡ್ ಗ್ರೋತ್' (ಹಲವು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ) ಎಂದು ಬಂದರೆ ಹೊರಗಿನ ಕೊಳೆ ಸೇರಿರುವುದೇ ಹೆಚ್ಚು, ಮತ್ತೆ ಕೊಡಬೇಕಾಗುತ್ತದೆ. ಮೂತ್ರಕೋಶ ತೆಗೆದು ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡವರು ಚೀಲದಿಂದ ಸುರಿದು ಕೊಡಬಾರದು. ಹೊಸ ನಳಿಕೆಯಿಂದ ನರ್ಸ್ ತೆಗೆದದ್ದೇ ಸರಿ.

ಉರಿ ಇದ್ದರೆ ಬಿಸಿಜಿಯ ದಿನ ಮುಚ್ಚಿಡಬೇಡಿ. ಬಸ್ ಚಾರ್ಜು ಕೊಟ್ಟು ಅಷ್ಟು ದೂರದಿಂದ ಬಂದಾಗಿದೆ, ಹಾಕಿಸಿಕೊಂಡೇ ಹೋಗೋಣ ಎನಿಸುವುದು ಸಹಜ. ಆದರೆ ಸೋಂಕಿನಿಂದ ಕೆಂಪಾದ ಅಥವಾ ರಕ್ತ ಒಸರುವ ಮೂತ್ರಕೋಶದ ಗೋಡೆಯ ಮೂಲಕ ಬಿಸಿಜಿ ರಕ್ತಕ್ಕೆ ನುಗ್ಗಬಲ್ಲದು. ವಾರ ಮುಂದೂಡಿದರೆ ನಷ್ಟ ಅಷ್ಟಿಲ್ಲ.

ನೀರಿನ ವಿಷಯ: ದಿನಕ್ಕೆ 2ರಿಂದ 2.5 ಲೀಟರ್. ಮನೆಯ ತಂಬಿಗೆಯನ್ನು ಲೀಟರ್ ಬಾಟಲಿಯಿಂದ ಒಮ್ಮೆ ಅಳೆದಿಟ್ಟುಕೊಳ್ಳಿ, ಲೆಕ್ಕ ಸುಲಭವಾಗುತ್ತದೆ. ಮಜ್ಜಿಗೆ, ಜವೆಗೋಧಿ ನೀರು ಕೂಡ ಲೆಕ್ಕಕ್ಕೆ ಬರುತ್ತವೆ, ಅವು ಸೋಂಕು ಕೊಲ್ಲುವುದಿಲ್ಲ ಅಷ್ಟೆ. ಹೃದಯ, ಕಿಡ್ನಿ ತೊಂದರೆ ಇದ್ದವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಬಿಸಿಜಿಗೆ ಮುಂಚಿನ 4 ತಾಸು ಮಾತ್ರ ನೀರು ಕಡಿಮೆ ಮಾಡಿ, ಔಷಧಿ ಎರಡು ತಾಸು ಒಳಗೆ ನಿಲ್ಲಬೇಕು. ಬಸ್ಸಿನಲ್ಲಿ ಒಂದಕ್ಕೆ ಬರುತ್ತದೆಂದು ದಿನವಿಡೀ ಬಾಯಿ ಕಟ್ಟುವುದು, ತಡೆದುಕೊಂಡು ಕೂರುವುದು ಎರಡೂ ಸೋಂಕಿಗೆ ಹಾದಿ. ಸಕ್ಕರೆ ಕಾಯಿಲೆ, ಮಲಬದ್ಧತೆ ಇದ್ದರೆ ಅವನ್ನೂ ಹದ್ದುಬಸ್ತಿನಲ್ಲಿಡಿ.

ಕ್ಯಾತಿಟರ್ (ಮೂತ್ರ ಹೊರಹರಿಸಲು ಹಾಕಿಟ್ಟ ನಳಿಕೆ) ಇದ್ದವರ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಬಸ್ಸಿನಲ್ಲಿ ನಾಚಿಕೆಯಿಂದ ತೊಡೆಯ ಮೇಲೆತ್ತಿ ಸೆರಗು ಮುಚ್ಚಿದರೆ ಹಳೇ ಮೂತ್ರ ಹಿಂದಕ್ಕೆ ಹರಿಯುತ್ತದೆ. ಅರ್ಧ ತುಂಬಿದಾಗಲೇ ಕೆಳಗಿನ ಬಾಯಿಂದ ಖಾಲಿ ಮಾಡಿ. ನಳಿಕೆಯ ಜೋಡಣೆ ಬಿಚ್ಚಬೇಡಿ. ಜ್ವರ, ನೋವು ಇಲ್ಲದೆ ಮೂತ್ರ ಬರೀ ಕದಡಿದ್ದರೆ ಆಂಟಿಬಯಾಟಿಕ್ ಬೇಕಿಲ್ಲ. ಬಹಳ ದಿನ ಕ್ಯಾತಿಟರ್ ಇದ್ದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ.

ಬಿಸಿಜಿಯವರಿಗೆ ಜ್ವರ 101.3 ಡಿಗ್ರಿ ದಾಟಿದರೆ, ಎರಡು ದಿನ ಇಳಿಯದಿದ್ದರೆ, ಅಥವಾ ನಡುಗಿ ಬಂದರೆ ಅದೇ ದಿನ ದವಾಖಾನೆಗೆ ಹೋಗಿ, ಬಿಸಿಜಿ ಹಾಕಿಸಿದ ತಾರೀಖು ಹೇಳಿ. ಕಿಮೊ ನಡೆದಿದ್ದರೆ 100.4 ಡಿಗ್ರಿಯೇ ತುರ್ತು. ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ಗಾಡಿ ಮಾಡಿಕೊಂಡು ಹೊರಡಿ. ಹಳೇ ಕಲ್ಚರ್ ವರದಿಗಳ ಫೈಲು ಕೈಯಲ್ಲಿರಲಿ.