ಹಳೇ ಓಮ್ನಿಯ ಗೇರ್‌ಬಾಕ್ಸ್ ಆಯಿಲ್: ಮೊದಲು ಮೇಲಿನ ಬೋಲ್ಟ್, ಆಮೇಲೆ ಕೆಳಗಿನದು

ಆಗುಂಬೆ ಘಾಟಿಯ 14 ತಿರುವುಗಳನ್ನು ಸೆಕೆಂಡ್ ಗೇರಿನಲ್ಲೇ ಇಳಿದು ಸೋಮೇಶ್ವರ ಮುಟ್ಟಿದ್ದೆವು. ಸಮತಟ್ಟು ರಸ್ತೆ ಸಿಕ್ಕಿತಲ್ಲ ಎಂದು ಥರ್ಡಿಗೆ ಹಾಕಿದರೆ 'ಕರ್ರ್' ಅಂದಿತು. ಹಿಂದೆ ಮಲಗಿದ್ದ ಮಗಳು ಕಣ್ಣು ಬಿಡದೆಯೇ, "ಅಪ್ಪಾ, ವ್ಯಾನ್ ಗೊರಕೆ ಹೊಡೀತಿದೆ" ಅಂದಳು.

ನಮ್ಮದು ಹಳೇ ಮಾರುತಿ ಓಮ್ನಿ. ಹಿಂದೆ ಪ್ಲೈವುಡ್ಡಿನ ಮಂಚ, ಅದರಡಿ ಸ್ಟವ್, ಎರಡು ನೀರಿನ ಕ್ಯಾನು. ಇಷ್ಟೇ ನಮ್ಮ ಕ್ಯಾಂಪರ್ ವ್ಯಾನ್. ಮಂಚ ಬೇಕೆಂದಾಗ ಇಳಿಸಿಡುವಂಥದ್ದು. ಗಾಡಿಯ ರೂಪವನ್ನೇ ಬದಲಿಸುವುದಾದರೆ ಆರ್‌ಟಿಒ ಒಪ್ಪಿಗೆ ಬೇಕು, ಆ ಗೋಜಿಗೆ ನಾನು ಹೋಗಿಲ್ಲ.

1984ರಲ್ಲಿ 'ಮಾರುತಿ ವ್ಯಾನ್' ಆಗಿ ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದ ಗಾಡಿಯಿದು. 2019ರಲ್ಲಿ ತಯಾರಿಕೆ ನಿಂತಿತು. ಅಲ್ಲಿಗೆ ಈಗ ರಸ್ತೆಯಲ್ಲಿರುವ ಓಮ್ನಿಗಳೆಲ್ಲ ಹಳೇ ಗಾಡಿಗಳೇ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮುಂದಿನ ಸೀಟಿನಡಿ ಕೂತಿದೆ. ಅದರ ಬೆನ್ನಿಗೆ ಗೇರ್‌ಬಾಕ್ಸ್. ಅಲ್ಲಿಂದ ಉದ್ದನೆಯ ಶಾಫ್ಟ್ ಹಿಂದಿನ ಹೌಸಿಂಗಿಗೆ, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರುಗಳ ಗೂಡಿಗೆ, ಹೋಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಹೌಸಿಂಗ್ ಮೂರಕ್ಕೂ ಆಯಿಲ್ ಬೇರೆ ಬೇರೆ. ಎಂಜಿನ್ ಆಯಿಲನ್ನು ಯಾರೂ ಮರೆಯುವುದಿಲ್ಲ, ನೋಡೋಕೆ ಕಡ್ಡಿ ಇದೆ, ಎಚ್ಚರಿಸೋಕೆ ದೀಪ ಇದೆ. ಗೇರ್‌ಬಾಕ್ಸಿಗೆ ಎರಡೂ ಇಲ್ಲ. ಹಾಗಾಗಿ ಅದು ವರ್ಷಗಟ್ಟಲೆ ಅದೇ ಎಣ್ಣೆಯಲ್ಲಿ ತಿರುಗುತ್ತಿರುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು

'ಗೇರ್ ಆಯಿಲ್ ಕೊಡಿ' ಅಂತ ಸುಮ್ನೆ ಕೇಳಬೇಡಿ. ಡಬ್ಬಿಯ ಮೇಲೆ ಎರಡು ವಿಷಯ ನೋಡಿ. ಒಂದು, 80ಡಬ್ಲ್ಯೂ-90 ಎಂಬಂಥ ಸಂಖ್ಯೆ. ಇದು ಎಣ್ಣೆ ಎಷ್ಟು ಗಟ್ಟಿ ಎಂಬ ಲೆಕ್ಕ. ತೊಂಬತ್ತು ಅಂದ ಕೂಡಲೇ ಎಂಜಿನ್ ಆಯಿಲಿಗಿಂತ ದುಪ್ಪಟ್ಟು ಗಟ್ಟಿ ಅಂದುಕೊಳ್ಳಬೇಡಿ. ಗೇರ್ ಆಯಿಲಿನ ಅಳತೆಯೇ ಬೇರೆ. ಇಲ್ಲಿನ 90 ಎಂದರೆ ಎಂಜಿನ್ ಆಯಿಲಿನ 40, 50ರ ಆಸುಪಾಸು.

ಎರಡನೆಯದು ಇನ್ನೂ ಮುಖ್ಯ: ಜಿಎಲ್-4 ಅಥವಾ ಜಿಎಲ್-5 ಎಂಬ ಗೇರ್ ಆಯಿಲಿನ ದರ್ಜೆ. ಐದು ದೊಡ್ಡದು, ಆದ್ದರಿಂದ ಒಳ್ಳೇದು ಎಂದು ಅಂಗಡಿಯವರೇ ಹೇಳಿಬಿಡುತ್ತಾರೆ. ಹಾಗಲ್ಲ. ಹಿಂದಿನ ಹೌಸಿಂಗಿನಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ, ಭಾರೀ ಒತ್ತಡದಲ್ಲಿ ಉಜ್ಜಿಕೊಳ್ಳುತ್ತವೆ. ಅದಕ್ಕೆಂದೇ ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ. ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗುಗಳಿವೆ. ಗೇರ್ ಬೀಳುವ ಮುಂಚೆ ಎರಡೂ ಕಡೆಯ ವೇಗ ಸರಿಹೊಂದಿಸುವ ಕೆಲಸ ಅವುಗಳದ್ದು. ಈ ರಿಂಗು ಎದುರಿನ ಲೋಹವನ್ನು ಸ್ವಲ್ಪ ಹಿಡಿಯಬೇಕು, ಆಗಲೇ ವೇಗ ಹೊಂದುವುದು. ಎಣ್ಣೆ ತೀರಾ ಜಾರಿದರೆ ಹಿಡಿತ ಸಿಗುವುದಿಲ್ಲ. ಜತೆಗೆ ಜಾಸ್ತಿ ಗಂಧಕ ಹಿತ್ತಾಳೆಯನ್ನು ಮೆಲ್ಲಗೆ ತಿನ್ನಲೂಬಹುದು. ಆದ್ದರಿಂದ ಗೇರ್‌ಬಾಕ್ಸಿಗೆ ಜಿಎಲ್-4 ತನ್ನಿ. ನಿಮ್ಮ ಮಾಡೆಲ್ಲಿನ ಪುಸ್ತಕ ಇದ್ದರೆ ಅದೇ ಕೊನೆಯ ಮಾತು. ಎರಡು ಲೀಟರ್ ತಂದರೆ ಮಿಗುತ್ತದೆ.

ಮಿಕ್ಕಿದ್ದು ಮನೆಯಲ್ಲೇ ಇರುತ್ತದೆ: ಸರಿಯಾದ ಸ್ಪ್ಯಾನರ್, ಅಗಲವಾದ ಹಳೇ ಟಬ್ಬು, ಬನಿಯನ್ ವೇಸ್ಟ್, ಆಲಿಕೆ, ಅದರ ಬಾಯಿಗೆ ಸರಿಯಾಗಿ ಕೂರುವ ಒಂದು ಮೀಟರ್ ಪ್ಲಾಸ್ಟಿಕ್ ಪೈಪು.

ಗಾಡಿ ನಿಲ್ಲಿಸುವುದು

ಹತ್ತು ಹದಿನೈದು ನಿಮಿಷ ಓಡಿಸಿಕೊಂಡು ಬನ್ನಿ. ಬೆಚ್ಚಗಾದ ಎಣ್ಣೆ ಬೇಗ ಇಳಿಯುತ್ತದೆ, ಕಸವನ್ನೂ ಹೊತ್ತು ತರುತ್ತದೆ. ಸೈಲೆನ್ಸರ್ ಪಕ್ಕದಲ್ಲೇ ಇರುವುದರಿಂದ ಸ್ವಲ್ಪ ಆರಲು ಬಿಡಿ.

ಗಾಡಿ ಮಟ್ಟವಾಗಿ ನಿಲ್ಲಬೇಕು. ಮುಂದಿನ ಚಕ್ರ ಮಾತ್ರ ಎತ್ತಿದರೆ ಎಣ್ಣೆ ಹಿಂದಕ್ಕೆ ಸರಿದು ಅಳತೆ ತಪ್ಪುತ್ತದೆ. ನನಗೆ ಸುಲಭವಾಗಿದ್ದು ವಾಟರ್ ಸರ್ವಿಸ್‌ನವರ ರ‍್ಯಾಂಪು. ಬೆಳಿಗ್ಗೆ ಬೇಗ ಹೋಗಿ ಕೇಳಿದರೆ ಒಂದು ಗಂಟೆ ಬಿಟ್ಟುಕೊಡುತ್ತಾರೆ. ಮನೆಯಲ್ಲೇ ಮಾಡುವುದಾದರೆ ನಾಲ್ಕು ಕಡೆಯೂ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಬೇಡ, ಅವು ಹೇಳದೆ ಕೇಳದೆ ಸೀಳಿಬಿಡುತ್ತವೆ.

ಬೋಲ್ಟುಗಳ ವಿಷಯ

ಗೇರ್‌ಬಾಕ್ಸಿಗೆ ಎರಡು ಬೋಲ್ಟು. ಕೆಳಗಿನದು ಎಣ್ಣೆ ಇಳಿಸಲು, ಪಕ್ಕದಲ್ಲಿ ಸ್ವಲ್ಪ ಮೇಲಿರುವುದು ತುಂಬಲು. ನಾನು ಮೊದಲ ಸಲ ಮಾಡಿದಾಗ ಕೆಳಗಿನದನ್ನು ಬಿಚ್ಚಿ, ಎಣ್ಣೆಯೆಲ್ಲ ಇಳಿಸಿ, ಕೈ ಒರೆಸಿಕೊಂಡು, ಹೆಮ್ಮೆಯಿಂದ ಮೇಲಿನದಕ್ಕೆ ಸ್ಪ್ಯಾನರ್ ಹಾಕಿದೆ. ಅಲುಗಲಿಲ್ಲ. ಜೋರು ಮಾಡಿದೆ. ಸ್ಪ್ಯಾನರ್ ಜಾರಿ ಬೋಲ್ಟಿನ ಮೂಲೆಗಳು ಸವೆದು ಗುಂಡಗಾದವು. ಎಣ್ಣೆ ಹಾಕುವಂತಿಲ್ಲ, ಹಾಕದೆ ಓಡಿಸುವಂತಿಲ್ಲ. ಭಾನುವಾರ ಬೇರೆ. ಕೊನೆಗೆ ಮೆಕ್ಯಾನಿಕ್ ಸ್ಕೂಟರಿನಲ್ಲಿ ಬಂದು, ಉಳಿ ಸುತ್ತಿಗೆ ಹಿಡಿದು ಅರ್ಧ ಗಂಟೆ ಗುದ್ದಾಡಿದರು. "ಕೆಳಗಿಂದು ಎಲ್ಲರೂ ಬಿಚ್ತಾರೆ ಸಾರ್. ಮೇಲಿಂದು ಬಿಚ್ಚಿದ್ಮೇಲೇ ಕೆಳಗಿಂದು ಮುಟ್ಬೇಕು" ಅಂದರು.

ಹಾಗಾಗಿ ಮೊದಲು ಮೇಲಿನ ಬೋಲ್ಟಿನ ಸುತ್ತ ಮಣ್ಣು ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಟೀ ಕುಡಿದು ಬನ್ನಿ. ತಲೆಯ ಮೇಲೆ ಪೂರ್ತಿ ಕೂರುವ ಸ್ಪ್ಯಾನರನ್ನೇ ಬಳಸಿ. ಅದು ಸಡಿಲವಾದ ಮೇಲೆ ಕೆಳಗಿನದಕ್ಕೆ ಕೈ ಹಾಕಿ. ಕೊನೆಯ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ಬಿಚ್ಚಿ, ಥಟ್ಟನೆ ಪಕ್ಕಕ್ಕೆ ತೆಗೆಯಿರಿ. ಇಲ್ಲದಿದ್ದರೆ ಮೊಣಕೈವರೆಗೆ ಎಣ್ಣೆ. ಅದರ ವಾಸನೆ ಎರಡು ಸ್ನಾನಕ್ಕೂ ಹೋಗುವುದಿಲ್ಲ.

ಇಳಿದ ಎಣ್ಣೆ ಹೇಳುವ ಕಥೆ

ಇಪ್ಪತ್ತು ನಿಮಿಷ ಸೋರಲು ಬಿಡಿ. ಅಷ್ಟರಲ್ಲಿ ಟಬ್ಬಿನ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಹೊಸ ಗೇರ್ ಆಯಿಲ್ ಜೇನಿನ ಬಣ್ಣದ್ದು. ನಮ್ಮದು ಕಪ್ಪು ಕಾಫಿಯಂತಿತ್ತು. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದೆ. ತರಿ ಹತ್ತಲಿಲ್ಲ. ಆದರೆ ಬೆರಳು ಓರೆ ಮಾಡಿದಾಗ ಕುಂಕುಮದ ಪುಡಿಗಿಂತ ನಯವಾದ ಹಳದಿ ಮಿನುಗು ಕಂಡಿತು. ಅದು ಹಿತ್ತಾಳೆ, ಸಿಂಕ್ರೊ ರಿಂಗು ಸವೆದ ಪುಡಿ. ಥರ್ಡ್ ಗೇರಿನ ಗೊರಕೆಗೆ ಕಾರಣ ಅಲ್ಲೇ ಸಿಕ್ಕಿತು.

ಬೂದು ಬಣ್ಣದ ನುಣುಪು ಕೆಸರು ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವಂಥ ಕಬ್ಬಿಣದ ಚೂರು ಬಂದರೆ ಹಲ್ಲು ಮುರಿದಿರಬಹುದು, ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಹಾಲು ಹಾಕಿದ ಚಹಾದಂತಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಿದ್ದೀರಾ, ನೆನಪು ಮಾಡಿಕೊಳ್ಳಿ.

ಹಳೇ ಎಣ್ಣೆಯನ್ನು ಮುಚ್ಚಳ ಇರುವ ಕ್ಯಾನಿಗೆ ತುಂಬಿ, ವೇಸ್ಟ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಬೇಲಿಗೂಟಕ್ಕೆ ಬಳಿದರೆ ಗೆದ್ದಲು ಹಿಡಿಯಲ್ಲ ಎಂದು ಪಕ್ಕದ ತೋಟದವರು ಕೇಳಿದರು. ಗೂಟದಿಂದ ಬಾವಿ ಹತ್ತೇ ಹೆಜ್ಜೆ. ಕೊಡಲಿಲ್ಲ, ಸ್ವಲ್ಪ ಮುನಿಸಿಕೊಂಡರು.

ತುಂಬುವುದು

ಕೆಳಗಿನ ಬೋಲ್ಟಿನ ಮರೆ (ಥ್ರೆಡ್) ಒರೆಸಿ. ವಾಷರ್ ಇದ್ದರೆ ಹೊಸದು ಹಾಕಿ. ಸೀಲಂಟ್ ಹಚ್ಚಿದ್ದರೆ ಹಳೆಯದನ್ನು ಕೆರೆದು ಹೊಸದನ್ನು ತೆಳ್ಳಗೆ ಸವರಿ. ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಬಿಗಿ ಮಾಡಿ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ. ಶಕ್ತಿ ತೋರಿಸಿದರೆ ಮರೆ ಕಿತ್ತು ಬರುತ್ತದೆ.

ತುಂಬುವ ತೂತಿಗೆ ಡಬ್ಬಿ ಬಗ್ಗಿಸಲು ಜಾಗವಿಲ್ಲ. ಪೈಪಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಆಲಿಕೆಗೆ. ಮೇಲೆ ಒಬ್ಬರು ಆಲಿಕೆ ಎತ್ತಿ ಹಿಡಿದು ನಿಧಾನ ಸುರಿಯಬೇಕು. ಎಣ್ಣೆ ತೂತಿನ ಕೆಳ ಅಂಚಿನಿಂದ ಹೊರಗೆ ಸೋರತೊಡಗಿದರೆ ಸಾಕು. ಐದು ನಿಮಿಷ ಬಿಟ್ಟು ಕಿರುಬೆರಳು ಹಾಕಿ ನೋಡಿ, ಎಣ್ಣೆ ಅಂಚಿನಲ್ಲೇ ತಾಗಬೇಕು. 'ಇನ್ನೊಂಚೂರು ಇರಲಿ' ಎಂದು ಗಾಡಿ ಓರೆ ಮಾಡಿ ತುಂಬಬೇಡಿ. ಜಾಸ್ತಿಯಾದದ್ದು ಬಿಸಿಗೆ, ಎಣ್ಣೆ ಸೋರದಂತೆ ಶಾಫ್ಟಿನ ಸುತ್ತ ಕೂತಿರುವ ಸೀಲಿನಿಂದ ಹೊರಬರುತ್ತದೆ.

ಬೋಲ್ಟು ಹಾಕಿ, ಸುತ್ತಲೂ ಒಣಗಿಸಿ ಒರೆಸಿ, ಒಂದು ಸುತ್ತು ಓಡಿಸಿ. ನಮ್ಮ ಓಮ್ನಿಯ ಗೊರಕೆ ಮುಕ್ಕಾಲು ಪಾಲು ನಿಂತಿತು. ಚಳಿ ಬೆಳಿಗ್ಗೆ ಮೊದಲ ಸಲ ಥರ್ಡಿಗೆ ಹಾಕುವಾಗ ಈಗಲೂ ಒಮ್ಮೆ ಗೊಣಗುತ್ತದೆ. ಸವೆದ ರಿಂಗನ್ನು ಎಣ್ಣೆ ಮತ್ತೆ ಬೆಳೆಸುವುದಿಲ್ಲ ಅಲ್ವಾ.

ರಾತ್ರಿ ಗಾಡಿಯಡಿ ಪೇಪರ್ ಹಾಸಿಡಿ, ಓದಿ ಮುಗಿದಿದ್ದರೆ ಈ ಪುರವಣಿಯೇ ಆದೀತು. ಬೆಳಿಗ್ಗೆ ನೋಡಿದರೆ ನಮ್ಮದರ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಒಂದು ಕಲೆ ಇತ್ತು. ಡ್ರೇನ್ ಬೋಲ್ಟಿನ ಕೆಳಗಲ್ಲ, ಇನ್ನೂ ಹಿಂದೆ, ಶಾಫ್ಟ್ ಗೇರ್‌ಬಾಕ್ಸಿಗೆ ಸೇರುವ ಜಾಗದಲ್ಲಿ. ಅದು ಹಿಂಬದಿ ಆಯಿಲ್ ಸೀಲಿನದ್ದು. ಬದಲಿಸಲು ಶಾಫ್ಟ್ ಇಳಿಸಬೇಕು. ಸೀಲ್ ತಂದಿಟ್ಟಿದ್ದೇನೆ, ಮುಂದಿನ ವಾರ ರ‍್ಯಾಂಪು ಕೇಳಬೇಕು.