ಹಿಮ ಬೀಳುವ ಮೊದಲು ಗ್ಯಾರೇಜ್ ಬಾಗಿಲು: ಅಮೆರಿಕದಲ್ಲಿ ಮನೆ ಮಾಡಿದವರಿಗೆ

ಹಾಸನದ ಕಡೆ ಮೇ ತಿಂಗಳು ಮುಗಿಯುವುದರೊಳಗೆ ಹೆಂಚು ಕೈಯಾಡಿಸಿ, ಚರಂಡಿ ಬಿಡಿಸಿ, ಸೌದೆ ಒಳಗೆ ಹಾಕುತ್ತೇವೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಿಶಿಗನ್‌ನಲ್ಲಿ ಅಂಥ ಕೆಲಸಗಳು ಅಕ್ಟೋಬರ್‌ನಲ್ಲಿ ಬರುತ್ತವೆ. ನಮ್ಮವರು ಆಗ ಮರೆಯುವುದು ಗ್ಯಾರೇಜ್ ಬಾಗಿಲನ್ನು. ನಾನು ಹದಿನಾಲ್ಕು ವರ್ಷ ಅಲ್ಲಿದ್ದು ಈಗ ಹಾಸನದ ಕೆ.ಆರ್. ಪುರಂನ ಮನೆಗೆ ಮರಳಿದ್ದೇನೆ. ನಮ್ಮ ಬೀದಿಯ ಯಾರ ಮಗನೋ ಮಗಳೋ ಅಲ್ಲಿ ಮನೆ ಕೊಂಡಾಗಲೆಲ್ಲ ಫೋನಿನಲ್ಲಿ ಹೇಳುವ ಮಾತುಗಳೇ ಇವು.

ಗುಂಡಿ ಒತ್ತಿದರೆ ಮೋಟಾರಿನಿಂದ ಮೇಲಕ್ಕೇಳುವ ಬಾಗಿಲು ಅದು. ಆದರೆ ಅದರ ಭಾರ ಹೊರುವುದು ಮೋಟಾರ್ ಅಲ್ಲ, ಸ್ಪ್ರಿಂಗ್. ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ. ಎರಡು ಮೂಟೆ ಕಾಫಿಯಷ್ಟು ತೂಗುವ ಬಾಗಿಲುಗಳೂ ಉಂಟು. ಅಷ್ಟು ಭಾರವನ್ನು ಬಾಗಿಲಿನ ನೆತ್ತಿಯ ಮೇಲೆ ಬಿಗಿಯಾಗಿ ತಿರುಚಿಟ್ಟ ಸ್ಪ್ರಿಂಗ್ ಹಗುರ ಮಾಡುತ್ತದೆ. ಮೋಟಾರ್ ಸುಮ್ಮನೆ ದಾರಿ ತೋರಿಸುತ್ತದೆ. ಸಾಮಾನ್ಯ ಸ್ಪ್ರಿಂಗ್ ಸುಮಾರು 10,000 ಸಲ ತೆರೆದು ಮುಚ್ಚುವಷ್ಟು ಬಾಳುತ್ತದೆ. ದಿನಕ್ಕೆ ನಾಲ್ಕು ಸಲ ಎಂದು ಲೆಕ್ಕ ಹಾಕಿ, ಏಳು ವರ್ಷ ತುಂಬುವ ಮೊದಲೇ ಅದರ ಆಯಸ್ಸು ಮುಗಿದಿರುತ್ತದೆ.

ಒಂದು ಜನವರಿಯ ಬೆಳಗ್ಗೆ ನಮ್ಮ ಮನೆಯ ಸ್ಪ್ರಿಂಗ್ ತುಂಡಾಯಿತು. ಸಕಲೇಶಪುರದ ತೋಟಗಳಲ್ಲಿ ಆನೆ ಓಡಿಸಲು ಹೊಡೆಯುವ ಪಟಾಕಿಯ ಸದ್ದು, ಅದೂ ಮನೆಯೊಳಗೆ. ಹೋಗಿ ನೋಡಿದರೆ ಸುರುಳಿಯ ನಡುವೆ ಎರಡು ಬೆರಳು ತೂರುವಷ್ಟು ಬಿರುಕು. ಗುಂಡಿ ಒತ್ತಿದರೆ ಬಾಗಿಲು ಅರ್ಧ ಅಡಿ ಎದ್ದು ನರಳಿ ನಿಂತಿತು. ಬಂದ ಮೆಕ್ಯಾನಿಕ್ ಎರಡೂ ಸ್ಪ್ರಿಂಗ್ ಬದಲಿಸಿದ, ಜೊತೆಗೆ ಹಾಕಿದವು ಹೆಚ್ಚುಕಡಿಮೆ ಜೊತೆಗೇ ಸವೆದಿರುತ್ತವೆ ಎಂದ. ಬಿ.ಎಂ. ರಸ್ತೆಯ ಅಂಗಡಿಯವರು ತಮ್ಮ ಶಟರ್ ತಾವೇ ರಿಪೇರಿ ಮಾಡಿಕೊಳ್ಳುವುದನ್ನು ನೋಡಿ ಬೆಳೆದ ನಮಗೆ ಇಲ್ಲೂ ಕೈ ಹಾಕುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ಸ್ಪ್ರಿಂಗ್, ಅದರ ಉಕ್ಕಿನ ಹಗ್ಗ, ಆ ಹಗ್ಗ ಬಾಗಿಲಿನ ಕೆಳಮೂಲೆಯಲ್ಲಿ ಸೇರುವ ಪಟ್ಟಿ, ಈ ಮೂರರ ಬೋಲ್ಟ್ ಸಡಿಲಿಸಿದರೆ ಕೈಯೇ ಮುರಿಯಬಹುದು, ಜೀವವೂ ಹೋಗಬಹುದು. ಕೂಲಿ ದುಬಾರಿ ನಿಜ, ಆದರೆ ಈ ಒಂದು ಕೆಲಸಕ್ಕೆ ತಿಳಿದವರನ್ನೇ ಕರೆಸಿ.

ಉಳಿದದ್ದೆಲ್ಲ ಒಂದು ಶನಿವಾರದ ಕೆಲಸ. ಹಿಂಜುಗಳಿಗೆ, ಉರುಳೆಗಳ ಬೇರಿಂಗ್‌ಗಳಿಗೆ, ಸ್ಪ್ರಿಂಗ್ ಮೈಗೆ ಸಿಲಿಕೋನ್ ಸ್ಪ್ರೇ ಅಥವಾ ಬಿಳಿ ಲಿಥಿಯಂ ಗ್ರೀಸ್ ಹಾಕಿ. ಉರುಳೆ ಓಡುವ ಹಳಿಗೆ ಮಾತ್ರ ಎಣ್ಣೆ ಬೇಡ, ಧೂಳು ಅಂಟುತ್ತದೆ. ಬಟ್ಟೆಯಿಂದ ಒರೆಸಿದರೆ ಸಾಕು. ಅರಸೀಕೆರೆಯಿಂದ ಬಂದಿದ್ದ ನಮ್ಮ ಮಾವನವರು ಕಿರುಗುಟ್ಟುವ ಹಿಂಜಿಗೆ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಹಾಸನದ ಡಿಸೆಂಬರಿಗೇ ಗಟ್ಟಿಯಾಗುವ ಎಣ್ಣೆ ಅದು, ಅಲ್ಲಿ ಬೆಳಗಾಗುವುದರೊಳಗೆ ಮೇಣವಾಗಿತ್ತು.

ಬಾಗಿಲಿನ ಅಡಿಯ ರಬ್ಬರ್ ಪಟ್ಟಿಯನ್ನೂ ನೋಡಿ. ಬಿರಿದಿದ್ದರೆ ಬದಲಿಸಿ, ಚೆನ್ನಾಗಿದ್ದರೆ ಸಿಲಿಕೋನ್ ಸವರಿ. ಹಿಮ ಕರಗಿದ ನೀರು ಅದರಡಿ ಸೇರಿ ರಾತ್ರಿ ಹೆಪ್ಪುಗಟ್ಟಿದರೆ ಬಾಗಿಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ರಬ್ಬರ್ ಹರಿಯುತ್ತದೆ, ಮೋಟಾರಿನ ಹಲ್ಲುಚಕ್ರ ಸವೆಯುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಗಡ್ಡೆಯನ್ನು ಕೆರೆದು ಮೆಲ್ಲಗೆ ಬಿಡಿಸಿ. ಬಿಸಿನೀರು ಸುರಿದರೆ ಅದೇ ನೀರು ಮತ್ತೆ ಗಡ್ಡೆಯಾಗುತ್ತದೆ. ಏಪ್ರಿಲ್‌ನಲ್ಲಿ ಅಡಿಭಾಗವನ್ನು ಒಮ್ಮೆ ತೊಳೆಯಿರಿ. ರಸ್ತೆಗೆ ಎರಚಿದ ಉಪ್ಪು ಕಾರಿನ ಜೊತೆ ಬಂದು ಕಬ್ಬಿಣ ತಿನ್ನುತ್ತಿರುತ್ತದೆ.

ಇನ್ನು ಕಾನೂನು. 1993ರ ಜನವರಿ 1ರಿಂದ ಅಮೆರಿಕದ ಮನೆಗಳಿಗಾಗಿ ತಯಾರಾದ ಮೋಟಾರುಗಳಲ್ಲಿ ಅಡ್ಡ ಬಂದವರನ್ನು ರಕ್ಷಿಸುವ ವ್ಯವಸ್ಥೆ ಕಡ್ಡಾಯ. ಬಾಗಿಲಿನ ಎರಡೂ ಬದಿಯಲ್ಲಿ, ನೆಲದಿಂದ ಆರು ಇಂಚಿನೊಳಗೆ ಕಾಣುವ ಪುಟ್ಟ ಸೆನ್ಸರ್ ಕಣ್ಣುಗಳು ಅದಕ್ಕಾಗಿಯೇ ಇವೆ. ಮಕ್ಕಳ ಜೀವದ ಪ್ರಶ್ನೆಯಾದ್ದರಿಂದ ತಿಂಗಳಿಗೊಮ್ಮೆ ಪರೀಕ್ಷಿಸಿ. ಬಾಗಿಲು ಇಳಿಯುವಾಗ ಪೊರಕೆಯನ್ನು ಕಣ್ಣಿಗೆ ಅಡ್ಡ ಹಿಡಿದರೆ ಅದು ಹಿಂದಿರುಗಬೇಕು. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ನೆಲದ ಮೇಲೆ ಮಲಗಿಸಿ ಮುಚ್ಚಿದರೆ, ಅದನ್ನು ಮುಟ್ಟಿದ ಎರಡು ಸೆಕೆಂಡಿನೊಳಗೆ ಮೇಲೇಳಬೇಕು. ಏಳದಿದ್ದರೆ ಸರಿಮಾಡಿಸುವ ತನಕ ಮೋಟಾರ್ ಬಳಸಬೇಡಿ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇನ್ನೊಂದು ಮಾತು: 2019ರ ಜುಲೈ 1ರಿಂದ ಅಲ್ಲಿ ಮಾರುವ ಮೋಟಾರಿಗೆ ಬ್ಯಾಟರಿಯೂ ಇರಬೇಕು. ಕಾಡ್ಗಿಚ್ಚಿನ ವೇಳೆ ಕರೆಂಟ್ ಹೋಗಿ ಜನ ಸಿಕ್ಕಿಬಿದ್ದ ಮೇಲೆ ಬಂದ ನಿಯಮ ಅದು.

ಬಾಡಿಗೆ ಮನೆಯಾದರೆ ದೋಷವನ್ನು ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸಿ. ಸ್ವಂತ ಮನೆಯಾದರೂ, ಬಡಾವಣೆಗೆ ನಿವಾಸಿಗಳ ಸಂಘವಿದ್ದರೆ ಬಾಗಿಲಿನ ಬಣ್ಣ ಬದಲಿಸುವ ಮೊದಲು ಅದರ ನಿಯಮ ಓದಿ.

ಊರಿನಿಂದ ಅಪ್ಪ ಅಮ್ಮ ಬಂದು ಹಗಲೆಲ್ಲ ಮನೆಯಲ್ಲಿ ಇಬ್ಬರೇ ಇರುತ್ತಾರಲ್ಲ, ಅವರಿಗೆ ಮೋಟಾರಿನಿಂದ ಜೋತುಬಿದ್ದಿರುವ ಕೆಂಪು ಹಗ್ಗವನ್ನು ತೋರಿಸಿ. ಕರೆಂಟ್ ಹೋದಾಗ ಅದನ್ನು ಎಳೆದರೆ ಬಾಗಿಲು ಮೋಟಾರಿನಿಂದ ಬಿಡಿಸಿಕೊಳ್ಳುತ್ತದೆ, ಕೈಯಿಂದ ಎತ್ತಬಹುದು. ಬಾಗಿಲು ಪೂರ್ತಿ ಮುಚ್ಚಿರುವಾಗ ಮಾತ್ರ ಎಳೆಯಬೇಕು. ತೆರೆದಿರುವಾಗ ಎಳೆದರೆ, ಸ್ಪ್ರಿಂಗ್ ಮುರಿದಿದ್ದ ಪಕ್ಷದಲ್ಲಿ, ಅಷ್ಟೂ ಭಾರ ಒಮ್ಮೆಗೇ ಕೆಳಗೆ ಬೀಳುತ್ತದೆ. ನೀವು ಎದುರಿಗೇ ನಿಂತು ಅಮ್ಮನ ಕೈಯಲ್ಲೇ ಒಮ್ಮೆ ಎಳೆಸಿ, ಬಾಗಿಲನ್ನು ಸೊಂಟದೆತ್ತರಕ್ಕೆ ಎತ್ತಿಸಿ ನೋಡಿ. ಕೈ ತೆಗೆದಾಗ ಬಾಗಿಲು ಅಲ್ಲೇ ನಿಂತರೆ ಸ್ಪ್ರಿಂಗ್ ಸರಿಯಿದೆ. ಕೆಳಗೆ ಜಾರಿದರೆ ಸೋಮವಾರವೇ ಮೆಕ್ಯಾನಿಕ್‌ಗೆ ಫೋನ್ ಮಾಡಿ.