ಬೋರಲು ಹಾಕಿ ನೋಡಿ, ಆಮೇಲೆ ಕೊಳ್ಳಿ

ಕುಂಡದಲ್ಲೇ ಕುಳ್ಳಗೆ ಬೆಳೆಸುವ ಮರ, ಬೋನ್ಸಾಯ್ ಅಂದ ಕೂಡಲೇ ಹೊಳೆಯುವ ಚಪ್ಪಟೆ ಪಿಂಗಾಣಿ ಕುಂಡವೇ ಕಣ್ಣಿಗೆ ಬರುತ್ತದೆ. ಅದು ರೂಪ ಪಡೆದ ಮರಕ್ಕೆ. ಕಾಂಡ ದಪ್ಪವಾಗಬೇಕು, ಬೇರು ಹರಡಬೇಕು ಅನ್ನುವ ವರ್ಷಗಳಲ್ಲಿ ಅಂಥ ಕುಂಡಕ್ಕೆ ದುಡ್ಡು ಸುರಿಯುವುದು ದಂಡ. ದಾವಣಗೆರೆಯ ನಮ್ಮ ತಾರಸಿಯ ಮೇಲಿನ ಆಲ, ಬಸರಿ, ಹುಣಸೆಗಳೆಲ್ಲ ಬೆಳೆಯುತ್ತಿರುವುದು ಪ್ಲಾಸ್ಟಿಕ್ ಬೇಸಿನ್ನು, ತರಕಾರಿ ತೊಳೆಯುವ ತೂತಿನ ಬುಟ್ಟಿ, ಕುಂಬಾರರ ಅಗಲ ಬಾಯಿಯ ಕುಂಡಗಳಲ್ಲಿ.

ಮಂಡಿಪೇಟೆ ಕಡೆ ಬೇಸಿನ್ ಕೊಳ್ಳಲು ಹೋದರೆ ಮೊದಲು ಬೋರಲು ಹಾಕಿ ತಳ ನೋಡುತ್ತೇನೆ. ‘ಸೋರಂಗಿಲ್ರಿ, ಗ್ಯಾರಂಟಿ’ ಅನ್ನುತ್ತಾನೆ ಅಂಗಡಿಯವನು. ನನಗೆ ಬೇಕಾದದ್ದು ಸೋರುವುದೇ! ಬಹಳಷ್ಟು ಬೇಸಿನ್ನುಗಳ ತಳ ಒಳಗಡೆ ನಡುವೆ ಉಬ್ಬಿ, ಅಂಚಿನಲ್ಲಿ ತಗ್ಗಾಗಿರುತ್ತದೆ. ನಡುವೆ ಎಷ್ಟೇ ತೂತು ಹೊಡೆದರೂ ಸುತ್ತಲಿನ ತಗ್ಗಿನ ನೀರು ಕದಲುವುದಿಲ್ಲ, ಬೇರು ಕೊಳೆಯುವುದೂ ಅಲ್ಲಿಂದಲೇ. ಒಂದು ಲೋಟ ನೀರು ಹುಯ್ದು, ಅದು ನಿಂತ ಕಡೆ ಗುರುತು ಹಾಕಿ ಡ್ರಿಲ್ ಮಾಡುತ್ತೇನೆ. ಜೊತೆಗೆ ಗಿಡ ಅಲುಗದಂತೆ ಕಟ್ಟುವ ತಂತಿಗೆ ಸಣ್ಣ ತೂತುಗಳು. ದೊಡ್ಡ ತೂತಿಗೆ ಕಿಟಕಿಯ ಸೊಳ್ಳೆ ಜಾಲರಿಯ ತುಂಡು.

ತಳಕ್ಕೆ ಜಲ್ಲಿ ಹಾಸಿದರೆ ನೀರು ಬೇಗ ಇಳಿಯುತ್ತದೆ ಅನ್ನುವವರಿದ್ದಾರೆ. ಇಳಿಯುವುದಿಲ್ಲ. ಸಣ್ಣ ಕಣದ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು, ತಾನು ಪೂರ್ತಿ ನೆನೆಯುವ ತನಕ ಕೆಳಗಿನ ಜಲ್ಲಿಗೆ ಬಿಡುವುದಿಲ್ಲ, ಕೆಸರಿನ ಪದರ ಅಷ್ಟು ಮೇಲಕ್ಕೆ ಬರುತ್ತದೆ, ಅಷ್ಟೇ. ಒದ್ದೆ ಸ್ಪಂಜನ್ನು ಅಡ್ಡ ಹಿಡಿದು ನೀರು ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ ನೋಡಿ, ಮತ್ತೆ ಸುರಿಯುತ್ತದೆ. ಕುಂಡದಲ್ಲೂ ಹಾಗೇ, ಆಳ ಹೆಚ್ಚಿದ್ದರೆ ನೀರು ಚೆನ್ನಾಗಿ ಇಳಿದು ಬೇರಿಗೆ ಗಾಳಿಯಾಡುವ ಜಾಗ ಹೆಚ್ಚು. ಅದಕ್ಕೇ ನನ್ನ ಬೇಸಿನ್ನುಗಳು ಅರ್ಧ ಅಡಿ ಆಳದವು. ಒಳಗೆ ನಮ್ಮೂರ ಎರೆಮಣ್ಣು ಬೇಡವೇ ಬೇಡ, ನೆನೆದರೆ ಉಬ್ಬಿ ಎಲ್ಲ ಸಂದೂ ಮುಚ್ಚುತ್ತದೆ. ಇಟ್ಟಿಗೆ ಕುಟ್ಟಿ, ಜರಡಿ ಹಿಡಿದು, 2ರಿಂದ 5 ಮಿಲಿಮೀಟರಿನ ಚೂರನ್ನಷ್ಟೇ ಉಳಿಸಿಕೊಂಡು ಸ್ವಲ್ಪ ಕಾಂಪೋಸ್ಟ್ ಬೆರೆಸುತ್ತೇನೆ. ಪುಡಿಯನ್ನು ಎಸೆಯಲೇಬೇಕು.

ತೂತಿನ ಬುಟ್ಟಿ ನನಗೆ ಹೆಚ್ಚು ಇಷ್ಟ. ತೂತಿನವರೆಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ, ಹಿಂದಿನಿಂದ ಕವಲು ಒಡೆಯುತ್ತದೆ. ಬೇರು ಕುಂಡದ ಸುತ್ತ ಸುತ್ತಿಕೊಳ್ಳುವ ಕಾಟ ಕಡಿಮೆ. ಆದರೆ ಏಪ್ರಿಲ್ ಬಿಸಿಲಿಗೆ ಎರಡು ಹೊತ್ತೂ ನೀರು ಬೇಕು. ಊರಿಗೆ ಹೋಗಿ ಬರುವವರು ಬೇಸಿನ್ನೇ ನೆಚ್ಚಿಕೊಳ್ಳಲಿ. ಮಣ್ಣಿನ ಕುಂಡವೂ ಬೇಗ ಆರುತ್ತದೆ. ಕತ್ತು ಕಿರಿದಾದದ್ದನ್ನು ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ, ಗಿಡ ಬದಲಿಸುವಾಗ ಒಡೆಯಬೇಕಾಗುತ್ತದೆ.

ಕುಂಡವನ್ನು ನೇರವಾಗಿ ತಾರಸಿ ಮೇಲೆ ಕೂರಿಸಿದರೆ ತೂತು ಮುಚ್ಚಿಹೋಗುತ್ತದೆ, ಇಟ್ಟಿಗೆ ತುಂಡುಗಳ ಮೇಲಿಡಿ. ಜಡಿಮಳೆ ಹಿಡಿದರೆ ಒಂದು ಬದಿಗೆ ಇನ್ನೊಂದು ತುಂಡು ಕೊಟ್ಟು ಓರೆ ಮಾಡಿದರಾಯಿತು, ನಿಂತ ನೀರು ತಗ್ಗಿನ ಬದಿಯಿಂದ ಇಳಿದುಹೋಗುತ್ತದೆ.